ಎಫ್‌ಪಿಒಗೆ ಆ್ಯಪ್ ತರುವ ಮುಂಚೆ ನಕ್ಷೆ ಬರೆಯಿರಿ: ಟೋಗಾಫ್ ಚೌಕಟ್ಟನ್ನು ನಾವು ಬಳಸಿದ ಬಗೆ



ನಿಮ್ಮ ಊರಿನ ರೈತ ಉತ್ಪಾದಕ ಕಂಪನಿಗೂ ಈ ವರ್ಷ ಯಾರಾದರೂ ಒಬ್ಬರು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದಿರ್ತಾರೆ. "ಒಂದೇ ಆ್ಯಪ್ ಸಾಕು ಸರ್, ಬೀಜದಿಂದ ಬಿಲ್ಲಿನವರೆಗೆ ಎಲ್ಲಾ ಅದರಲ್ಲೇ" ಅಂತ ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ತೋರಿಸಿ ಹೋಗಿರ್ತಾರೆ. ಹಿರಿಯ ನಿರ್ದೇಶಕರು ಅದನ್ನು ನೋಡಿ, ಹಿಂದಿನ ಸಾಲಿನಲ್ಲಿ ಕೂತ ನಿಮ್ಮ ಕಡೆ ತಿರುಗಿ, "ತಮ್ಮಾ, ನಿನಗ ಮೊಬೈಲ್ ತಿಳೀತೈತಿ, ನೀನ ನೋಡಿ ಹೇಳು" ಅಂದಿರ್ತಾರೆ. ಈ ವಾರದ ಲೇಖನ ಆ ಹಿಂದಿನ ಸಾಲಿನವರಿಗೆ.

ನಾನು ಹಾವೇರಿ ಜಿಲ್ಲೆಯವನು. ಬೆಂಗಳೂರಿನಲ್ಲಿ ಕೆಲವು ವರ್ಷ ದೊಡ್ಡ ಸಂಸ್ಥೆಗಳ ಕಂಪ್ಯೂಟರ್ ವ್ಯವಸ್ಥೆಗೆ ಯೋಜನೆ ಹಾಕುವ ಕೆಲಸ ಮಾಡಿ, ಈಗ ಊರಲ್ಲಿ ಗೋವಿನಜೋಳ, ಹತ್ತಿ ಮಾಡ್ಕೊಂಡಿದೀನಿ. ನಮ್ಮ ಎಫ್‌ಪಿಒದಲ್ಲಿ ಒಬ್ಬ ನಿರ್ದೇಶಕ. ಅಲ್ಲಿ ದೊಡ್ಡ ಕಂಪನಿಗಳು ಬಳಸುವ ಟೋಗಾಫ್ ಅನ್ನೋ ಚೌಕಟ್ಟನ್ನು ನಮ್ಮ ಅಳತೆಗೆ ಕತ್ತರಿಸಿ ಇಲ್ಲಿ ಬಳಸಿದ್ವಿ. ಅದು ಏನು, ಹೇಗೆ ನಡೀತು, ಎಲ್ಲಿ ಎಡವಟ್ಟಾಗುತ್ತೆ ಅನ್ನೋದನ್ನು ಹೇಳ್ತೀನಿ.

ಮೊದಲು ಇದಕ್ಕೆ ಇಷ್ಟು ತಲೆ ಯಾಕೆ ಕೆಡಿಸ್ಕೋಬೇಕು ಅನ್ನೋದು. ಕೇಂದ್ರ ಸರ್ಕಾರದ 10,000 ಎಫ್‌ಪಿಒ ಯೋಜನೆ 2020ರಲ್ಲಿ ಶುರುವಾಯ್ತು. ಅದರಲ್ಲಿ ಒಂದು ಎಫ್‌ಪಿಒಗೆ ಮೂರು ವರ್ಷಕ್ಕೆ ₹18 ಲಕ್ಷದವರೆಗೆ ನಿರ್ವಹಣಾ ನೆರವು ಇದೆ. ಪ್ರತಿ ಸದಸ್ಯನ ಷೇರಿಗೆ ₹2,000ವರೆಗೆ ಸರಿಸಮ ಅನುದಾನ, ಒಟ್ಟು ₹15 ಲಕ್ಷ ಮೀರದ ಹಾಗೆ. ಸಿಇಒ, ಲೆಕ್ಕಿಗರ ಸಂಬಳ ಆ ನಿರ್ವಹಣಾ ನೆರವಿನಿಂದಲೇ ಹೋಗುತ್ತೆ. ಮೂರು ವರ್ಷ ಮುಗಿದ ಮೇಲೆ ಕಂಪನಿ ತನ್ನ ಲಾಭದಲ್ಲೇ ಉಸಿರಾಡಬೇಕು. ನಾವು ಮೂರನೇ ವರ್ಷದಲ್ಲಿದ್ವಿ. ಆ್ಯಪ್‌ನವರು ಕೇಳಿದ ವರ್ಷದ ಬಾಡಿಗೆ ನಮ್ಮ ಲೆಕ್ಕಿಗರ ಆರು ತಿಂಗಳ ಸಂಬಳದಷ್ಟು ಇತ್ತು.

ಇನ್ನೊಂದು ಕಡೆ, ಹಿಂದಿನ ಸುಗ್ಗಿಯಲ್ಲಿ ಕಂಪನಿಗೆ ಗೋವಿನಜೋಳ ಕೊಟ್ಟ ಕೆಲವು ಸದಸ್ಯರಿಗೆ ಹಣ ಸೇರೋಕೆ ಮೂರು ವಾರದ ಮೇಲಾಗಿತ್ತು. ಹಣ ಇರಲಿಲ್ಲ ಅಂತಲ್ಲ. ತೂಕದ ಚೀಟಿಯಲ್ಲಿ ಇದ್ದ ಹೆಸರು ಬ್ಯಾಂಕ್ ಪಟ್ಟಿಯಲ್ಲಿ ಸಿಗ್ತಿರಲಿಲ್ಲ, ಅಷ್ಟೇ. ಅವರಲ್ಲಿ ಒಬ್ಬರು ನನ್ನ ಮುಂದೇನೇ ಅಂದ್ರು: "ಕಂಪನಿ ನಮ್ದ ಖರೆ. ಆದ್ರ ರೊಕ್ಕ ದಲಾಲಿ ಜಲ್ದಿ ಕೊಡ್ತಾನ." ಇಂಥವರು ಇನ್ನೊಂದು ಇಪ್ಪತ್ತು ಜನ ಆದ್ರೆ ಕಂಪನಿಗೆ ಬೋರ್ಡ್ ಮಾತ್ರ ಉಳಿಯುತ್ತೆ.

ಟೋಗಾಫ್ ಅಂದ್ರೆ ಏನು?

ಡ್ರಿಪ್ ಹಾಕಿಸುವಾಗ ನೀವು ಏನು ಮಾಡ್ತೀರಿ? ಮೊದಲೇ ಹೋಗಿ ಪೈಪ್ ತರಲ್ಲ. ಬೋರ್ ಎಲ್ಲಿದೆ, ಎಷ್ಟು ಇಂಚು ನೀರು, ಹೊಲ ಯಾವ ಕಡೆ ಇಳಿಜಾರು, ಸಾಲಿನ ಅಂತರ ಎಷ್ಟು, ಮೋಟಾರ್ ಎಷ್ಟು ಎಚ್‌ಪಿ ಅಂತ ನೋಡಿ, ಒಂದು ಹಾಳೆ ಮೇಲೆ ಗೀಚಿ, ಆಮೇಲೆ ಮೇನ್ ಲೈನ್, ಸಬ್ ಲೈನ್, ಲ್ಯಾಟರಲ್. ಒಂದು ಸಂಸ್ಥೆಯ ಕೆಲಸ, ಮಾಹಿತಿ, ಸಾಫ್ಟ್‌ವೇರ್, ಯಂತ್ರ ಈ ನಾಲ್ಕೂ ಒಂದಕ್ಕೊಂದು ಹೇಗೆ ಜೋಡಿಸಿಕೊಂಡಿವೆ ಅಂತ ಹೀಗೇ ಹಾಳೆ ಮೇಲೆ ತರೋದಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂತಾರೆ. ಸಂಸ್ಥೆಯ ಒಟ್ಟು ನಕ್ಷೆ ಅಂದುಕೊಳ್ಳಿ.

ಈ ವಿಚಾರ ಹೊಸದೇನಲ್ಲ. ಜಾನ್ ಜಕ್‌ಮನ್ ಅನ್ನೋರು 1987ರಲ್ಲಿ ಐಬಿಎಂನ ಪತ್ರಿಕೆಯೊಂದರಲ್ಲಿ ಇದರ ಬಗ್ಗೆ ಬರೆದ ಲೇಖನವನ್ನು ಈ ಕ್ಷೇತ್ರದವರು ಇವತ್ತಿಗೂ ನೆನೆಸ್ಕೋತಾರೆ. ಟೋಗಾಫ್ ಬಂದದ್ದು 1995ರಲ್ಲಿ. ಅಮೆರಿಕದ ರಕ್ಷಣಾ ಇಲಾಖೆ ತನ್ನ ಕಂಪ್ಯೂಟರ್ ವ್ಯವಸ್ಥೆಗಳಿಗೆ ಮಾಡಿಕೊಂಡಿದ್ದ ಚೌಕಟ್ಟನ್ನು ಆಧಾರ ಮಾಡ್ಕೊಂಡು ದಿ ಓಪನ್ ಗ್ರೂಪ್ ಅನ್ನೋ ಸಂಸ್ಥೆ ಇದನ್ನು ಬೆಳೆಸಿತು. 2022ರಲ್ಲಿ ಬಂದದ್ದು ಹತ್ತನೇ ಆವೃತ್ತಿ.

ಇದು ನಮಗೆ ದೂರದ ವಿಷಯ ಅನ್ನಿಸಬಹುದು. ಆದ್ರೆ ನಮ್ಮ ಕೇಂದ್ರ ಐಟಿ ಸಚಿವಾಲಯ 2018ರಲ್ಲಿ ಸರ್ಕಾರಿ ಇಲಾಖೆಗಳಿಗಾಗಿ 'ಇಂಡಿಯಾ' ಹೆಸರಿನ ಚೌಕಟ್ಟು ತಂತು, ಅಂದ್ರೆ ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. 2021ರಲ್ಲಿ ಕೃಷಿ ಸಚಿವಾಲಯ ಕೃಷಿಯ ಡಿಜಿಟಲ್ ವ್ಯವಸ್ಥೆ ಬಗ್ಗೆ 'ಐಡಿಯಾ' ಅಂತ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಅಗ್ರಿಸ್ಟ್ಯಾಕ್ ಅಂತ ನೀವು ಕೇಳ್ತಿರೋದು ಇದೇ ದಾರಿಯಲ್ಲಿ ಬಂದದ್ದು. ಮೇಲಿನವರು ನಮ್ಮನ್ನೆಲ್ಲ ಒಂದು ನಕ್ಷೆಯೊಳಗೆ ಕೂರಿಸ್ತಿರುವಾಗ, ನಮ್ಮ ಕಂಪನಿಯ ನಕ್ಷೆ ನಮ್ಮ ಹತ್ರ ಇಲ್ಲ ಅಂದ್ರೆ ಹೇಗೆ?

ಟೋಗಾಫ್‌ನ ಜೀವ ಇರೋದು ಎಡಿಎಂ ಅನ್ನೋ ವಿಧಾನದಲ್ಲಿ. ಆರಂಭಕ್ಕೆ ಒಂದು ತಯಾರಿ ಹಂತ, ಆಮೇಲೆ ಎ ಇಂದ ಎಚ್‌ವರೆಗೆ ಎಂಟು ಹಂತ ಚಕ್ರದ ಹಾಗೆ ಸುತ್ತುತ್ತವೆ. ಚಕ್ರದ ಗುಂಬದಲ್ಲಿ 'ಅಗತ್ಯಗಳ ನಿರ್ವಹಣೆ' ಅಂತ ಇರುತ್ತೆ. ಅಂದ್ರೆ ಯಾವ ಹಂತದಲ್ಲೇ ಇರಿ, ಹೊಸ ಬೇಡಿಕೆ ಬಂದ್ರೆ ಒಂದೇ ಕಡೆ ಬರೆದು, ಅದು ಯಾವ ಹಂತವನ್ನು ಮುಟ್ಟುತ್ತೆ ನೋಡಬೇಕು. ನಾವು ಅದಕ್ಕೆ ಇನ್ನೂರು ಪುಟದ ಒಂದು ಲಾಂಗ್ ಬುಕ್ ತಂದ್ವಿ.

ತಯಾರಿ: ತೀರ್ಮಾನ ಯಾರದು?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಉತ್ಪಾದಕ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಐದರಿಂದ ಹದಿನೈದು ನಿರ್ದೇಶಕರು ಇರ್ತಾರೆ. ಹಾಗಾಗಿ ಯಾರೋ ಒಬ್ಬ ಮೊಬೈಲ್ ಬಲ್ಲ ಹುಡುಗ ಮಾಡಿದ ನಕ್ಷೆಗೆ ಬೆಲೆ ಬರಲ್ಲ. ನಾವು ಮಂಡಳಿ ಸಭೆಯಲ್ಲಿ ಠರಾವು ಮಾಡಿಸಿ ಸಮಿತಿ ಮಾಡಿದ್ವಿ. ಸಿಇಒ, ಲೆಕ್ಕಿಗರು, ನಾನು, ಇಬ್ಬರು ಯುವ ಸದಸ್ಯರು, ಜೊತೆಗೆ ಮೊಬೈಲ್ ಅಂದ್ರೆ ಮುಖ ತಿರುಗಿಸುವ ಒಬ್ಬ ಹಿರಿಯ ನಿರ್ದೇಶಕರು. ಅವರನ್ನು ಬೇಕಂತಲೇ ಸೇರಿಸಿದ್ದು. ಮೊದಲ ಸಭೆಯಲ್ಲೇ ಅವರು, "ನಕ್ಷೆ ತಿಂದ್ರ ಹೊಟ್ಟಿ ತುಂಬ್ತೈತೇನೋ?" ಅಂದ್ರು. ಆ ಪ್ರಶ್ನೆಯನ್ನು ಲಾಂಗ್ ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡ್ವಿ.

ಆಮೇಲೆ ತತ್ವಗಳು. ಟೋಗಾಫ್‌ನಲ್ಲಿ ಇವಕ್ಕೆ ದೊಡ್ಡ ಜಾಗ ಇದೆ. ಮುಂದೆ ಜಗಳ ಬಂದಾಗ ಇವನ್ನೇ ತೆಗೆದು ನೋಡೋದು. ನಮ್ಮವು ನಾಲ್ಕೇ: ಒಂದು ವಿಷಯವನ್ನು ಒಂದೇ ಸಲ ಬರೀಬೇಕು. ನೆಟ್‌ವರ್ಕ್ ಇಲ್ಲದ ದಿನವೂ ತೂಕ ನಿಲ್ಲಬಾರದು. ಸದಸ್ಯನ ಮಾಹಿತಿ ಸದಸ್ಯನದು, ಅವನ ಒಪ್ಪಿಗೆ ಇಲ್ಲದೆ ಹೊರಗೆ ಹೋಗಬಾರದು. ಸಾಫ್ಟ್‌ವೇರ್‌ನವರು ನಾಳೆ ಅಂಗಡಿ ಮುಚ್ಚಿದ್ರೂ ನಮ್ಮ ಲೆಕ್ಕ ಪೂರ್ತಿ ಎಕ್ಸೆಲ್‌ನಲ್ಲಿ ನಮ್ಮ ಕೈಲಿರಬೇಕು. ನಾಲ್ಕನೆಯದು ಆಗ ಯಾರಿಗೂ ಅಷ್ಟು ಮುಖ್ಯ ಅನ್ನಿಸಿರಲಿಲ್ಲ. ವ್ಯಾಪಾರಿ ಎದುರು ಕೂತಾಗ ಅದರ ಬೆಲೆ ಗೊತ್ತಾಯ್ತು. ಎಲ್ಲಾ ಲೆಕ್ಕ ಹೊರಗೆ ತೆಗೆದು ಕೊಡ್ತೀರಾ ಅಂತ ಕೇಳಿದ್ರೆ ಅರ್ಧಕ್ಕರ್ಧ ಜನ ಮಾತು ಬದಲಿಸ್ತಾರೆ.

ಎ ಹಂತ: ಒಂದು ಪುಟದ ಗುರಿ

ಇಲ್ಲಿ ಯಾರಿಗೆ ಏನು ಬೇಕು ಅಂತ ಬರೆದು, ಎಷ್ಟಕ್ಕೆ ಕೈ ಹಾಕ್ತೀವಿ ಅನ್ನೋ ಎಲ್ಲೆ ಹಾಕೋದು. ಸದಸ್ಯನಿಗೆ ಬೇಕಾದದ್ದು ಬೇಗ ಹಣ, ಸರಿ ತೂಕ. ಲೆಕ್ಕಿಗರಿಗೆ ರಾತ್ರಿ ಹತ್ತು ಗಂಟೆವರೆಗೆ ಚೀಟಿ ಹೊಂದಿಸೋದು ತಪ್ಪಬೇಕು. ಖರೀದಿದಾರರಿಗೆ ತೇವಾಂಶ ಒಂದೇ ಸಮ ಇರುವ ಲೋಡ್ ಬೇಕು. ಬ್ಯಾಂಕಿಗೆ ನಂಬುವಂಥ ಲೆಕ್ಕ ಬೇಕು. ಹಮಾಲರನ್ನೂ ಕೇಳಿ. ನಮ್ಮಲ್ಲಿ ಅವರು ಕೇಳಿದ್ದು ಒಂದೇ, ಚೀಲ ಎಷ್ಟು ಹೊತ್ತೀವಿ ಅನ್ನೋದು ಅವತ್ತೇ ಬರೆದಿರಬೇಕು.

ನಮ್ಮ ಕಂಪನಿ ಬೀಜ, ಗೊಬ್ಬರ ಮಾರುತ್ತೆ, ಟ್ರ್ಯಾಕ್ಟರ್ ಉಪಕರಣ ಬಾಡಿಗೆ ಕೊಡುತ್ತೆ, ಗೋವಿನಜೋಳ ಕೊಂಡು ಒಟ್ಟಾಗಿ ಮಾರುತ್ತೆ. ಎಲ್ಲದಕ್ಕೂ ಒಟ್ಟಿಗೆ ಕೈ ಹಾಕಿದ್ರೆ ಯಾವುದೂ ಮುಗಿಯಲ್ಲ. ಹಾಗಾಗಿ ಎಲ್ಲೆ ಹಾಕಿದ್ವಿ: ಗೋವಿನಜೋಳದ ತೂಕದಿಂದ ಸದಸ್ಯನ ಖಾತೆಗೆ ಹಣ ಬೀಳೋವರೆಗೆ. ಗುರಿ, ಖರೀದಿದಾರರ ಹಣ ಬಂದ ಮೂರನೇ ದಿನದೊಳಗೆ ಸದಸ್ಯನಿಗೆ ಹಣ. ಅಧ್ಯಕ್ಷರು ಸಹಿ ಹಾಕಿದ್ರು. ಸಹಿ ಹಾಕಿದ ಹಾಳೆ ಇಲ್ಲದಿದ್ರೆ ನಡುವೆ ಒಬ್ಬರು ಬಂದು "ಹವಾಮಾನನೂ ತೋರ್ಸಂಗ ಮಾಡ್ರಿ" ಅಂತಾರೆ, ಇನ್ನೊಬ್ಬರು ಡ್ರೋನ್ ಅಂತಾರೆ.

ಬಿ ಹಂತ: ಚೀಲದ ಹಿಂದೆ ನಡೆದು ನೋಡಿ

ಟೋಗಾಫ್‌ನವರು ಇದಕ್ಕೆ ಬಿಸಿನೆಸ್ ಆರ್ಕಿಟೆಕ್ಚರ್ ಅಂತಾರೆ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಇಲ್ಲೇ ಇದೆ. ಈಗ ಹೇಗಿದೆ ಅನ್ನೋದನ್ನು ಮೊದಲು ಬರೀಬೇಕು, ಹೇಗಿರಬೇಕು ಅನ್ನೋದು ಆಮೇಲೆ. ಕಚೇರಿಯಲ್ಲಿ ಕೂತು ಬರೆದ್ರೆ ಎಲ್ಲಾ ಸರಿಯಾಗೇ ಇದೆ ಅನ್ನಿಸುತ್ತೆ. ನಾವು ಒಂದು ಚೀಲದ ಹಿಂದೆ ನಡೆದ್ವಿ.

ರಾಶಿ ಆದ ಗೋವಿನಜೋಳ ಟ್ರ್ಯಾಕ್ಟರ್‌ನಲ್ಲಿ ಗೋದಾಮಿಗೆ ಬರುತ್ತೆ. ಮೀಟರ್‌ನಲ್ಲಿ ತೇವಾಂಶ ನೋಡ್ತಾರೆ. ತಕ್ಕಡಿ ಮೇಲೆ ಚೀಲ ಇಟ್ಟು ತೂಗಿ, ಖಾಲಿ ಚೀಲದ ತೂಕ ಕಳೀತಾರೆ. ಮೂರು ಪ್ರತಿಯ ಚೀಟಿ ಬರೀತಾರೆ. ಆ ಚೀಟಿ ಸಂಜೆ ಖರೀದಿ ರಿಜಿಸ್ಟರ್‌ಗೆ ಹೋಗುತ್ತೆ. ಲಾರಿ ತುಂಬಿದಾಗ ಲೋಡ್ ಪಟ್ಟಿಗೆ. ಲಾರಿ ಖರೀದಿದಾರರ ವೇ ಬ್ರಿಡ್ಜ್ ಮೇಲೆ ನಿಂತಾಗ ಇನ್ನೊಂದು ತೂಕ, ಇನ್ನೊಂದು ತೇವಾಂಶ. ಅಲ್ಲಿಂದ ಕಡಿತ ಆದ ಬಿಲ್ ಬರುತ್ತೆ. ಆ ಕಡಿತವನ್ನು ಅವತ್ತಿನ ಲೋಡಿನ ಸದಸ್ಯರಿಗೆ ಹಂಚಿ, ಟ್ಯಾಲಿಯಲ್ಲಿ ಹಾಕಿ, ಬ್ಯಾಂಕಿಗೆ ಕೊಡೋ ಪಟ್ಟಿ ಮಾಡ್ತಾರೆ. ಎಣಿಸಿ ನೋಡಿದ್ರೆ ಒಬ್ಬ ಸದಸ್ಯನ ಹೆಸರನ್ನು ಐದು ಕಡೆ ಕೈಯಲ್ಲಿ ಬರೀತಿದ್ರು. ಚೀಟಿಯಲ್ಲಿ ಬಸಣ್ಣ, ಷೇರು ರಿಜಿಸ್ಟರ್‌ನಲ್ಲಿ ಬಸವರಾಜಪ್ಪ, ಬ್ಯಾಂಕಲ್ಲಿ ಬಸವರಾಜ. ಒಂದೇ ಊರಲ್ಲಿ ಅಂಥ ಬಸವರಾಜರು ಆರು ಜನ! ಹಣ ತಡ ಆಗ್ತಿದ್ದದ್ದು ಇಲ್ಲಿ.

ಇನ್ನೊಂದು ಗಂಟು ಸಿಕ್ಕಿದ್ದು ತೇವಾಂಶದಲ್ಲಿ. ಇದನ್ನು ಸ್ವಲ್ಪ ನಿಧಾನಕ್ಕೆ ಓದಿ, ನಿಮ್ಮ ಎಫ್‌ಪಿಒಗೂ ಬೇಕಾಗುತ್ತೆ. ಖರೀದಿಗೆ ಸಾಮಾನ್ಯವಾಗಿ ಒಪ್ಪುವ ತೇವಾಂಶ ಶೇ 14. ಸದಸ್ಯ ಶೇ 18 ತೇವಾಂಶದ 10 ಕ್ವಿಂಟಲ್ ತಂದ್ರೆ ಅದಕ್ಕೆ ಎಷ್ಟು ತೂಕಕ್ಕೆ ಹಣ ಕೊಡಬೇಕು? ಸುಲಭಕ್ಕೆ ಶೇಕಡ ಒಂದಕ್ಕೆ ಒಂದು ಕಿಲೋ ಅಂತ ಕಳೆದ್ರೆ ಕ್ವಿಂಟಲ್‌ಗೆ 4 ಕಿಲೋ, ಒಟ್ಟು 960 ಕಿಲೋಗೆ ಹಣ. ಆದ್ರೆ ನಿಜವಾದ ಲೆಕ್ಕ ಬೇರೆ. ಶೇ 18 ನೀರು ಅಂದ್ರೆ ಒಣ ಕಾಳು 820 ಕಿಲೋ. ಶೇ 14ಕ್ಕೆ ಇಳಿದಾಗ ಆ 820 ಕಿಲೋ ಒಟ್ಟು ತೂಕದ ಶೇ 86 ಆಗಬೇಕು. 820 ಅನ್ನು 0.86ರಿಂದ ಭಾಗಿಸಿದ್ರೆ ಸುಮಾರು 953.5 ಕಿಲೋ. ಆರೂವರೆ ಕಿಲೋ ವ್ಯತ್ಯಾಸ. ಇದನ್ನು ಯಾರು ಹೊರಬೇಕು? ಕಂಪನಿಯಾ, ಸದಸ್ಯನಾ?

ನಮ್ಮಲ್ಲಿ ಈ ನಿಯಮ ಎಲ್ಲೂ ಬರೆದೇ ಇರಲಿಲ್ಲ. ತಕ್ಕಡಿ ಹತ್ರ ನಿಂತ ಹುಡುಗನ ತಲೆಯಲ್ಲಿತ್ತು. ಇಬ್ಬರು ಹುಡುಗರು ಎರಡು ರೀತಿ ಕಳೀತಿದ್ರು. ಈಗ ಹೇಳಿ, ಇದಕ್ಕೆ ಆ್ಯಪ್ ಏನು ಮಾಡುತ್ತೆ? ಯಾವ ನಿಯಮ ಹಾಕಿ ಅಂತ ಆ್ಯಪ್ ಮಾಡುವವನು ನಿಮ್ಮನ್ನೇ ಕೇಳ್ತಾನೆ. ಇಲ್ಲಾಂದ್ರೆ ತನಗೆ ತೋಚಿದ್ದು ಹಾಕಿಬಿಡ್ತಾನೆ, ನೀವು ಅದನ್ನೇ ಕಾನೂನು ಅಂತ ನಂಬ್ತೀರಿ. ಮಂಡಳಿಯಲ್ಲಿ ಎರಡು ಸಭೆ ವಾದ ನಡೆದು, ಒಣ ಕಾಳಿನ ಲೆಕ್ಕವೇ ಸರಿ, ಆದ್ರೆ ಆ ಕೋಷ್ಟಕವನ್ನು ಗೋದಾಮಿನ ಗೋಡೆ ಮೇಲೆ ದೊಡ್ಡದಾಗಿ ಬರೆಸಬೇಕು ಅಂತ ಆಯ್ತು. ನಕ್ಷೆ ಹೊಟ್ಟೆ ತುಂಬಿಸಲ್ಲ ಅಂದಿದ್ದ ಹಿರಿಯರೇ ಗೋಡೆಗೆ ಬಣ್ಣ ಹಚ್ಚಿಸೋಕೆ ಮುಂದೆ ನಿಂತ್ರು.

ಸಿ ಹಂತ: ಮಾಹಿತಿ ಮತ್ತು ಸಾಫ್ಟ್‌ವೇರ್

ಇದರಲ್ಲಿ ಎರಡು ಭಾಗ. ಮೊದಲು ಮಾಹಿತಿ. ನಮ್ಮ ಕಂಪನಿಗೆ ಮುಖ್ಯವಾದ ವಸ್ತುಗಳು ಯಾವುವು ಅಂತ ಬರೆದ್ವಿ: ಸದಸ್ಯ, ಚೀಟಿ, ಲೋಡ್, ಬಿಲ್, ಪಾವತಿ. ಒಬ್ಬ ಸದಸ್ಯನಿಗೆ ಹಲವು ಚೀಟಿ, ಒಂದು ಲೋಡಿಗೆ ಹಲವು ಚೀಟಿ, ಒಂದು ಲೋಡಿಗೆ ಒಂದೇ ಬಿಲ್. ಇಷ್ಟು ಗೆರೆ ಎಳೆದ್ರೆ ಚಿತ್ರ ಮುಗೀತು. ಕಷ್ಟ ಇರೋದು ಸದಸ್ಯನನ್ನು ಯಾವ ನಂಬರಿನಿಂದ ಗುರುತಿಸಬೇಕು ಅನ್ನೋದರಲ್ಲಿ.

ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಇದೆಯಲ್ಲ, ಅದನ್ನೇ ಹಾಕೋಣ ಅಂತ ಯುವಕರು ಅಂದ್ರು. ಒಳ್ಳೆ ಮಾತೇ. ಭೂಮಿ ದಾಖಲೆಗೂ ಬೆಳೆಗೂ ಅದು ಜೋಡಿಸಿಕೊಂಡಿದೆ, ಬೆಂಬಲ ಬೆಲೆ ಖರೀದಿಗೂ ಅದನ್ನೇ ಕೇಳ್ತಾರೆ. ಆದ್ರೆ ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಪಹಣಿ ಇನ್ನೂ ತಂದೆ ಹೆಸರಲ್ಲಿದೆ, ಷೇರು ತಗೊಂಡವನು ಮಗ. ಎಫ್‌ಐಡಿ ತಂದೆಯದು, ಜೋಳ ಮಗನದು. ಲಾವಣಿ ಹಾಕಿಕೊಂಡು ಮಾಡುವವರದ್ದಂತೂ ಹೊಲದ ದಾಖಲೆಯಲ್ಲಿ ಹೆಸರೇ ಇರಲ್ಲ. ಮೊಬೈಲ್ ನಂಬರ್ ಅಂದ್ರೆ ಅದು ಆಗಾಗ ಬದಲಾಗುತ್ತೆ, ಒಂದೇ ನಂಬರ್ ಅಣ್ಣತಮ್ಮ ಇಬ್ಬರಿಗೂ ಇರುತ್ತೆ. ಆಧಾರ್ ನಂಬರನ್ನು ಎಲ್ಲಾ ಚೀಟಿ ಮೇಲೆ ಬರೆಯೋದು ಬೇಡವೇ ಬೇಡ ಅಂತ ನಾನೇ ಹಟ ಹಿಡಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಬೇರೆಯವರ ಮಾಹಿತಿ ಇಟ್ಟುಕೊಂಡವರಿಗೆ ಜವಾಬ್ದಾರಿಯೂ ಬಂದಿದೆ ಅನ್ನೋದು ನೆನಪಿರಲಿ.

ಕೊನೆಗೆ ನಿಂತದ್ದು ಷೇರು ಫೋಲಿಯೊ ನಂಬರಿನ ಮೇಲೆ. ಕಂಪನಿಯೇ ಕೊಟ್ಟ ನಂಬರ್, ಒಬ್ಬರಿಗೆ ಒಂದೇ, ಬದಲಾಗಲ್ಲ. ಎಫ್‌ಐಡಿ, ಮೊಬೈಲ್, ಬ್ಯಾಂಕ್ ಖಾತೆ ಎಲ್ಲಾ ಅದರ ಪಕ್ಕದ ಕಾಲಮ್. ನಾಳೆ ಅಗ್ರಿಸ್ಟ್ಯಾಕ್‌ನ ರೈತ ಗುರುತಿನ ಸಂಖ್ಯೆ ಬೇಕು ಅಂದ್ರೂ ಇನ್ನೊಂದು ಕಾಲಮ್ ಸೇರಿಸಿದ್ರೆ ಆಯ್ತು, ಬುಡ ಅಲ್ಲಾಡಲ್ಲ.

ಎರಡನೇ ಭಾಗ ಸಾಫ್ಟ್‌ವೇರ್. ಒಂದು ಹಾಳೆಯಲ್ಲಿ ಎಡಕ್ಕೆ ನಮ್ಮ ಕೆಲಸಗಳು, ಮೇಲೆ ಈಗಾಗಲೇ ಇರುವ ಸಾಧನಗಳು. ಗೊಬ್ಬರ ಮಾರಾಟಕ್ಕೆ ಪಿಒಎಸ್ ಯಂತ್ರ ಕಡ್ಡಾಯ, ಅದು ಇದೆ. ಲೆಕ್ಕಪತ್ರ, ಜಿಎಸ್‌ಟಿಗೆ ಟ್ಯಾಲಿ ಇದೆ. ಬೀಜದ ಬೇಡಿಕೆ ವಾಟ್ಸ್‌ಆ್ಯಪ್ ಗುಂಪಲ್ಲಿ ನಡೀತಿದೆ, ಚಂದ ಇಲ್ಲ, ಆದ್ರೆ ನಡೀತಿದೆ. ಎಲ್ಲಿ ಟಿಕ್ ಹಾಕಿದ್ರೂ ಒಂದು ಅಡ್ಡ ಸಾಲು ಮಾತ್ರ ಪೂರ್ತಿ ಖಾಲಿ ಉಳೀತು: ಚೀಟಿಯಿಂದ ಪಾವತಿ ಪಟ್ಟಿವರೆಗೆ. ಆ್ಯಪ್‌ನವರು ತಂದಿದ್ದ ಹದಿನಾಲ್ಕು ವಿಭಾಗದಲ್ಲಿ ನಮಗೆ ಬೇಕಾದದ್ದು ಒಂದೇ ಒಂದು. ಉಳಿದ ಹದಿಮೂರಕ್ಕೂ ಬಾಡಿಗೆ ಕಟ್ಟೋರಿದ್ವಿ. ಆ ಹಾಳೆಯನ್ನು ಮಂಡಳಿ ಮುಂದೆ ಇಟ್ಟಾಗ ಯಾರೂ ಹೆಚ್ಚು ಮಾತಾಡಲಿಲ್ಲ, ಲೆಕ್ಕಿಗರು ಮಾತ್ರ ನಕ್ಕರು.

ಡಿ ಹಂತ: ಕರೆಂಟು, ನೆಟ್‌ವರ್ಕ್

ಬೇಗ ಮುಗಿಸ್ತೀನಿ. ಗೋದಾಮಲ್ಲಿ ಸಿಗ್ನಲ್ ಬಾಗಿಲ ಹತ್ರ ಮಾತ್ರ. ಹಾಗಾಗಿ ಆ್ಯಪ್ ಆಫ್‌ಲೈನ್ ನಡೆದು, ಸಿಗ್ನಲ್ ಸಿಕ್ಕಾಗ ಕಳಿಸಬೇಕು. ಇರುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು, ಬ್ಲೂಟೂತ್‌ನ ಸಣ್ಣ ಥರ್ಮಲ್ ಪ್ರಿಂಟರ್ ಒಂದು, ಯುಪಿಎಸ್ ಒಂದು. ಆದ್ರೆ ಥರ್ಮಲ್ ಚೀಟಿ ಬಿಸಿಲಿಗೆ, ಬೆವರಿಗೆ ಮಾಸಿ ಹೋಗುತ್ತೆ, ಅದಕ್ಕೇ ಎಸ್‌ಎಂಎಸ್ ಕೂಡ ಬೇಕು. ಕಂಪನಿ ಹೆಸರಲ್ಲಿ ಒಟ್ಟಿಗೆ ಎಸ್‌ಎಂಎಸ್ ಕಳಿಸೋಕೆ ಡಿಎಲ್‌ಟಿ ನೋಂದಣಿ ಮಾಡಿಸಿ, ಸಂದೇಶದ ಮಾದರಿಗೆ ಒಪ್ಪಿಗೆ ತಗೋಬೇಕು. ಸುಗ್ಗಿ ಬಂದಾಗ ಇದಕ್ಕೆ ಓಡಾಡೋ ಬದಲು ಬೇಸಿಗೆಯಲ್ಲೇ ಮುಗಿಸಿ.

ಇ ಮತ್ತು ಎಫ್: ಯಾವುದು ಮೊದಲು, ಯಾವಾಗ

ಈಗಿನದಕ್ಕೂ ಬೇಕಾದದ್ದಕ್ಕೂ ನಡುವಿನ ಅಂತರ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಕೊಳ್ಳೋದಾ, ಮಾಡಿಸೋದಾ, ಇರೋದನ್ನೇ ಸರಿಪಡಿಸೋದಾ ಅಂತ ಬರೆಯೋದು ಇ ಹಂತ. ನಮ್ಮ ಪಟ್ಟಿಯಲ್ಲಿ ಏಳು ಅಂತರ ಇದ್ವು, ಅದರಲ್ಲಿ ನಾಲ್ಕಕ್ಕೆ ಒಂದು ರೂಪಾಯಿಯೂ ಬೇಡವಾಗಿತ್ತು. ಸದಸ್ಯರ ಪಟ್ಟಿ ಶುದ್ಧ ಮಾಡೋದು, ತೇವಾಂಶದ ಕೋಷ್ಟಕ, ಹಮಾಲಿ ಲೆಕ್ಕದ ಹಾಳೆ, ಖರೀದಿದಾರರಿಂದ ಬಿಲ್ ಅವತ್ತೇ ಫೋಟೊ ತರಿಸೋದು. ಇಷ್ಟಕ್ಕೇ ತಡದ ದೊಡ್ಡ ಪಾಲು ಕಡಿಮೆ ಆಗುತ್ತೆ ಅಂತ ಲೆಕ್ಕಿಗರು ಹೇಳಿದ್ರು.

ಎಫ್ ಹಂತದಲ್ಲಿ ಕ್ಯಾಲೆಂಡರ್ ಹಾಕೋದು. ಇಲ್ಲಿ ಬೆಂಗಳೂರಿನ ಪುಸ್ತಕ ಮಡಚಿಟ್ಟು ಮಳೆ ನಕ್ಷತ್ರದ ಪಟ್ಟಿ ತೆಗೀಬೇಕು. ಸಾಫ್ಟ್‌ವೇರ್ ಕಂಪನಿಗಳಿಗೆ ಏಪ್ರಿಲ್‌ನಿಂದ ವರ್ಷ ಶುರು, ಮೂರು ಮೂರು ತಿಂಗಳ ಗಡಿ. ನಮಗೆ ಮೃಗಶಿರಾ ಮಳೆ ಹೊತ್ತಿಗೆ ಬೀಜ ಗೊಬ್ಬರದ ನೂಕುನುಗ್ಗಲು, ದಸರಾದಿಂದ ಆಚೆ ರಾಶಿ. ಈ ಎರಡೂ ಹೊತ್ತಿನಲ್ಲಿ ಕಚೇರಿಯಲ್ಲಿ ಏನನ್ನೂ ಬದಲಾಯಿಸಬಾರದು. ಹಾಗಾಗಿ ಸದಸ್ಯರ ಪಟ್ಟಿ ಶುದ್ಧ ಮಾಡುವ ಕೆಲಸ ಫೆಬ್ರವರಿಯಿಂದ ರೋಹಿಣಿ ಮಳೆಯೊಳಗೆ. ಇಬ್ಬರು ಯುವ ಸದಸ್ಯರು ಮನೆಮನೆಗೆ ಹೋಗಿ, ಪಾಸ್‌ಬುಕ್ ನೋಡಿ, ಹೆಸರನ್ನು ಬ್ಯಾಂಕಲ್ಲಿ ಇರೋ ಹಾಗೇ ಬರ್ಕೊಂಡು, ಫೋಲಿಯೊ ನಂಬರಿನ ಕಾರ್ಡ್ ಕೊಟ್ರು. ಬಿತ್ತನೆ ಮುಗಿದು ಎಡೆ ಹೊಡೆಯುವ ಹೊತ್ತಿಗೆ ಚೀಟಿ ಆ್ಯಪ್ ಪರೀಕ್ಷೆ. ಸುಗ್ಗಿಗೆ ಎರಡೇ ಹಳ್ಳಿಯಲ್ಲಿ ಶುರು, ಹಳೇ ಚೀಟಿ ಪುಸ್ತಕವೂ ಜೊತೆಗೆ. ಉಳಿದ ಹಳ್ಳಿಗಳಿಗೆ ಮುಂದಿನ ಸುಗ್ಗಿ.

"ಎರಡು ಹಳ್ಳಿಗೆ ಯಾಕ, ಎಲ್ಲಾ ಕಡೆ ಒಮ್ಮೆಲೇ ಮಾಡ್ರಿ" ಅಂತ ಒತ್ತಾಯ ಬರುತ್ತೆ. ಒಪ್ಪಬೇಡಿ. ಹೊಸ ತಳಿಯನ್ನು ಮೊದಲ ವರ್ಷವೇ ಹತ್ತು ಎಕರೆಗೆ ಬಿತ್ತುವವರು ಯಾರಿದ್ದಾರೆ?

ಜಿ ಹಂತ: ಮಾಡಿಸುವಾಗ ಕಾಯೋದು

ಚೀಟಿ ಆ್ಯಪ್ ಮಾಡಿಕೊಡಲು ಒಂದು ಸಣ್ಣ ತಂಡ ಒಪ್ಪಿತು. ಅವರಿಗೆ ನಾವು ಕೊಟ್ಟದ್ದು ನಾಲ್ಕು ಪುಟ: ತತ್ವಗಳು, ಚೀಲದ ದಾರಿ, ಮಾಹಿತಿಯ ಚಿತ್ರ, ತೇವಾಂಶದ ನಿಯಮ. ಎರಡನೇ ವಾರವೇ ಅವರು ಮೊಬೈಲ್ ನಂಬರನ್ನೇ ಸದಸ್ಯನ ಗುರುತು ಮಾಡೋಣ, ಕೆಲಸ ಬೇಗ ಮುಗಿಯುತ್ತೆ ಅಂದ್ರು. ಸಮಿತಿ ಲಾಂಗ್ ಬುಕ್ ತೆಗೆದು, ಯಾಕೆ ಆಗಲ್ಲ ಅಂತ ಬರೆದ ಪುಟವನ್ನೇ ಫೋಟೊ ಹೊಡೆದು ಕಳಿಸ್ತು. ವಾದ ಹತ್ತು ನಿಮಿಷದಲ್ಲಿ ಮುಗೀತು. ಪುಟ ಇಲ್ಲದಿದ್ರೆ ಆ ವಾದದಲ್ಲಿ ಜಾಸ್ತಿ ಇಂಗ್ಲಿಷ್ ಮಾತಾಡುವವರೇ ಗೆಲ್ತಿದ್ರು.

ಒಳಗಿನಿಂದಲೂ ಒತ್ತಡ ಇರುತ್ತೆ. ಸುಗ್ಗಿ ಜೋರಿದ್ದ ಒಂದು ಸಂಜೆ ಸಿಇಒ, ಫೋಲಿಯೊ ಕಾರ್ಡ್ ತರದವರದ್ದು ಹೆಸರಲ್ಲೇ ಚೀಟಿ ಮಾಡಲಾ ಅಂತ ಕೇಳಿದ್ರು. ಹೊರಗೆ ಆರು ಟ್ರ್ಯಾಕ್ಟರ್ ನಿಂತಿದ್ವು. ಟೋಗಾಫ್‌ನಲ್ಲಿ ಇದಕ್ಕೂ ದಾರಿ ಇದೆ, ನಿಯಮ ಸಡಿಲಿಸಬಹುದು, ಆದ್ರೆ ಯಾರು, ಎಷ್ಟು ದಿನಕ್ಕೆ ಅಂತ ಬರೆದಿಡಬೇಕು. ಅವತ್ತೊಂದು ರಾತ್ರಿಗೆ ಬಿಟ್ಟು, ಬೆಳಗ್ಗೆ ಹನ್ನೊಂದರೊಳಗೆ ಆ ಚೀಟಿಗಳಿಗೆಲ್ಲ ನಂಬರ್ ತುಂಬಬೇಕು ಅಂತ ಬರೆದು ಸಹಿ ಮಾಡಿದ್ರು. ತುಂಬಿದ್ರು ಕೂಡ.

ಆ ಎರಡು ಹಳ್ಳಿಯಲ್ಲಿ ಹಣ ಮೂರನೇ ದಿನದೊಳಗೆ ಬಿತ್ತು. ಒಂದು ಲೋಡಿಗೆ ಮಾತ್ರ ಐದು ದಿನ ಆಯ್ತು, ಅದು ಬ್ಯಾಂಕ್ ರಜೆ. ಹಳೇ ಪದ್ಧತಿಯ ಹಳ್ಳಿಗಳಲ್ಲೂ ಪಟ್ಟಿ ಶುದ್ಧ ಆದ ಕಾರಣ ತಡ ಕಡಿಮೆ ಆಯ್ತು. ಇದನ್ನು ನೋಡಿ ದಲಾಲಿ ಬಿಟ್ಟು ಎಲ್ಲರೂ ಓಡಿಬಂದ್ರು ಅಂತ ಹೇಳೋಕೆ ಬರಲ್ಲ. ಮುಂಗಡ ಸಾಲ ಕೊಡೋನು ದಲಾಲಿಯೇ, ಮದುವೆ ಆಸ್ಪತ್ರೆ ಅಂದಾಗ ರಾತ್ರಿ ಬಾಗಿಲು ತೆಗೆಯೋನೂ ಅವನೇ. ಅದನ್ನು ಯಾವ ನಕ್ಷೆಯೂ ತುಂಬಲ್ಲ.

ಈ ಚೌಕಟ್ಟಿನ ಬಗ್ಗೆ ಎರಡು ಮಾತು

ಟೋಗಾಫ್ ಪುಸ್ತಕ ದೊಡ್ಡದು. ಅದರಲ್ಲಿ ಹೇಳಿದ ಎಲ್ಲಾ ದಾಖಲೆ ಮಾಡೋಕೆ ಹೋದ್ರೆ ಕಂಪನಿ ಮುಚ್ಚಿ ಆಮೇಲೆ ದಾಖಲೆ ಮುಗಿಯುತ್ತೆ. ನಿಮ್ಮ ಸಂಸ್ಥೆಗೆ ತಕ್ಕಂತೆ ಕತ್ತರಿಸಿಕೊಳ್ಳಿ ಅಂತ ಅದೇ ಹೇಳುತ್ತೆ, ಆದ್ರೆ ಸಲಹೆಗಾರರು ಆ ಪುಟ ತೋರಿಸಲ್ಲ. ಪ್ರಮಾಣಪತ್ರ, ಪರೀಕ್ಷೆ ಇವೆಲ್ಲ ಈ ಕೆಲಸ ಹೊಟ್ಟೆಪಾಡು ಮಾಡ್ಕೊಳ್ಳೋರಿಗೆ. ನಿಮಗೆ ಬೇಕಾದದ್ದು ಹಂತಗಳ ಕ್ರಮ: ಮೊದಲು ಕೆಲಸ, ಆಮೇಲೆ ಮಾಹಿತಿ, ಆಮೇಲೆ ಸಾಫ್ಟ್‌ವೇರ್, ಕೊನೆಗೆ ಯಂತ್ರ. ಮಾರುವವರು ಈ ಕ್ರಮವನ್ನು ತಲೆಕೆಳಗಾಗಿ ತರ್ತಾರೆ, ಅವರ ಕೈಲಿರೋದು ಅದೇ ಅಲ್ವಾ?

ಸ್ವಸಹಾಯ ಗುಂಪಿಗೆ, ಒಂದೇ ಬೆಳೆ ಒಂದೇ ಖರೀದಿದಾರ ಇರುವ ಕಡೆಗೆ ಇಷ್ಟೂ ಬೇಡ. ಬಿ ಹಂತದ ಚೀಲದ ದಾರಿ ಒಂದನ್ನು ಬರೆದ್ರೆ ಸಾಕು. ಅದಕ್ಕೆ ಬೇಕಾದದ್ದು ಒಂದು ದಿನ, ನಾಲ್ಕು ಚಾರ್ಟ್ ಹಾಳೆ, ಮೊಬೈಲ್ ಕ್ಯಾಮೆರಾ. ಪ್ರತಿ ರಿಜಿಸ್ಟರ್‌ನ ಒಂದು ಪುಟ, ಪ್ರತಿ ಚೀಟಿ, ತಕ್ಕಡಿ, ಮೀಟರ್ ಎಲ್ಲದರ ಫೋಟೊ ಹೊಡೀರಿ. ಸಂಜೆ ಅವನ್ನು ಸಾಲಾಗಿ ಇಟ್ಟು ನೋಡಿದ್ರೆ ಒಂದೇ ಹೆಸರು ಎಷ್ಟು ಸಲ ಬರೆದಿದೆ ಅನ್ನೋದು ಕಣ್ಣಿಗೆ ಕಾಣುತ್ತೆ. ಫೋಟೊ ಗುಂಪಿಗೆ ಹಾಕುವ ಮುಂಚೆ ಖಾತೆ ನಂಬರ್, ಆಧಾರ್ ನಂಬರ್ ಅಳಿಸೋದು ಮರೀಬೇಡಿ.

ಎಚ್ ಹಂತ: ಚಕ್ರ ಮತ್ತೆ ಸುತ್ತೋದು

ಕೊನೆ ಹಂತ ಬದಲಾವಣೆಯ ನಿರ್ವಹಣೆ. ಹೊರಗೆ ಏನಾದರೂ ಬದಲಾದಾಗ ನಕ್ಷೆಯಲ್ಲಿ ಸಣ್ಣ ತಿದ್ದುಪಡಿ ಸಾಕಾ, ಇಲ್ಲ ಮತ್ತೆ ಎ ಇಂದ ಶುರು ಮಾಡಬೇಕಾ ಅಂತ ನೋಡೋದು. ನಮ್ಮ ಸಮಿತಿ ವರ್ಷಕ್ಕೆ ಎರಡು ಸಲ ಲಾಂಗ್ ಬುಕ್ ಮುಂದೆ ಇಟ್ಕೊಂಡು ಕೂರುತ್ತೆ. ಹಮಾಲಿ ದರ ಬದಲಾದದ್ದು ಸಣ್ಣದು, ಕೋಷ್ಟಕದಲ್ಲಿ ಒಂದು ಅಂಕಿ ತಿದ್ದಿದ್ರೆ ಆಯ್ತು.

ಈಗ ಪುಸ್ತಕದಲ್ಲಿ ಕೊನೆಗೆ ಬರೆದಿರೋದು ಮೆಣಸಿನಕಾಯಿಯವರ ಬೇಡಿಕೆ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸುಮಾರು ನಲವತ್ತು ಸದಸ್ಯರು, ತಮ್ಮ ಚೀಲಗಳನ್ನೂ ಕಂಪನಿ ಮೂಲಕ ಕೋಲ್ಡ್ ಸ್ಟೋರೇಜ್‌ಗೆ ಇಡಿಸಿ, ಬೆಲೆ ಬಂದಾಗ ಮಾರಿಕೊಡಿ ಅಂತ ಕೇಳಿದ್ದಾರೆ. ಗೋವಿನಜೋಳದಲ್ಲಿ ಎಲ್ಲರ ಕಾಳೂ ಒಂದೇ ಲಾರಿಯಲ್ಲಿ ಬೆರೆತು ಹೋಗುತ್ತೆ. ಮೆಣಸಿನಕಾಯಿಯಲ್ಲಿ ಬಣ್ಣ, ನೆರಿಗೆ ನೋಡಿ ಬೆಲೆ ಕಟ್ಟೋದರಿಂದ ಪ್ರತಿಯೊಬ್ಬನ ಚೀಲ ಕೊನೆವರೆಗೆ ಬೇರೆಯಾಗೇ ಉಳೀಬೇಕು, ತಿಂಗಳ ಬಾಡಿಗೆ ಬೇರೆ ಏರ್ತಾ ಹೋಗುತ್ತೆ. ನಮ್ಮ ಚೀಟಿ, ಲೋಡ್, ಬಿಲ್‌ನ ಚಿತ್ರದಲ್ಲಿ ಅದಕ್ಕೆ ಜಾಗ ಇಲ್ಲ. ಸಿಇಒ ಈಗಿನ ಆ್ಯಪ್‌ನಲ್ಲೇ ಹೇಗೋ ಹೊಂದಿಸೋಣ ಅಂತಾರೆ. ನಾನು ಮತ್ತು ಲೆಕ್ಕಿಗರು ಮತ್ತೆ ಎ ಹಂತದಿಂದ ಹೋಗೋಣ ಅಂತೀವಿ. ಹಿರಿಯ ನಿರ್ದೇಶಕರು ಮುಂದಿನ ಸೋಮವಾರ ಕೋಲ್ಡ್ ಸ್ಟೋರೇಜ್‌ಗೆ ಹೋಗಿ, ಒಂದು ಮೆಣಸಿನಕಾಯಿ ಚೀಲದ ಹಿಂದೆ ನಡೆದು ಬರೋಣ ಅಂದಿದ್ದಾರೆ. ಚಾರ್ಟ್ ಹಾಳೆ ತಂದಿಟ್ಟಿದ್ದೀವಿ.